ಟ್ರಾನ್ಸ್‌ಫರ್ ಕೇಸ್ ಸೀಲು ಸೋರುತ್ತಿದೆಯೇ? ಮೆರವಣಿಗೆಗೂ ಸುಗ್ಗಿಗೂ ಮುನ್ನ ನೋಡಿಕೊಳ್ಳಬೇಕಾದ ಕೆಲಸ



ನವೆಂಬರ್ 1ರ ರಾಜ್ಯೋತ್ಸವದ ಮೆರವಣಿಗೆಯಲ್ಲಿ ತಾಯಿ ಭುವನೇಶ್ವರಿಯ ಭಾವಚಿತ್ರ ಇಡುವ ಗಾಡಿ, ಮಕ್ಕಳು ಕೂರುವ ಗಾಡಿ, ಮೈಕು ಮತ್ತು ಜನರೇಟರ್ ಹೊರುವ ಗಾಡಿ ಎಲ್ಲವೂ ಸದಸ್ಯರೇ ಕೊಡುವಂಥವು. ಬಾಡಿಗೆ ಕೇಳುವುದಿಲ್ಲ, ಡೀಸೆಲ್ ಸಹ ತಾವೇ ಹಾಕಿಸಿಕೊಂಡು ಬರುತ್ತಾರೆ. ಪೆದ್ದಕಡುಬೂರು, ಕೋಸಿಗಿ, ಕೌತಾಳಂ, ಹೊಳಗುಂದ ಕಡೆಯ ಹಳ್ಳಿಗಳಿಂದ ಬರುವ ಈ ಗಾಡಿಗಳಲ್ಲಿ ಹಳೆಯ ಜೀಪುಗಳೂ ಇವೆ. ಅದೇ ದಿನಗಳಲ್ಲಿ ಹತ್ತಿ ಬಿಡಿಸುವ ಕೆಲಸವೂ ಶುರುವಾಗಿರುತ್ತದೆ. ಬೆಳಿಗ್ಗೆ ಹೊಲಕ್ಕೆ, ಮಧ್ಯಾಹ್ನ ಆದವಾನಿಯ ಹತ್ತಿ ಮಾರ್ಕೆಟ್ಟಿಗೆ, ಸಂಜೆ ಮೆರವಣಿಗೆಯ ಸಿದ್ಧತೆಗೆ ಎಂದು ಒಂದೇ ಗಾಡಿ ಮೂರು ಕಡೆ ಓಡುತ್ತದೆ.

ಇಂಥ ಗಾಡಿಗಳ ಬಗ್ಗೆ ನಮ್ಮ ಬಳಿ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ. "ಗಾಡಿ ನಿಲ್ಲಿಸಿದ ಕಡೆ ನೆಲದ ಮೇಲೆ ಎಣ್ಣೆ ಬೀಳುತ್ತದೆ. ಟ್ರಾನ್ಸ್‌ಫರ್ ಕೇಸ್ ಸೀಲು ಹೋಗಿದೆ ಅಂತ ಹೊಸದು ಹಾಕಿಸಿದೆವು. ಎರಡು ತಿಂಗಳಿಗೆ ಮತ್ತೆ ಶುರುವಾಯಿತು. ಯಾಕೆ ಹೀಗೆ?" ಅದಕ್ಕೆ ಒಂದೇ ಕಡೆ ಉತ್ತರ ಇರಲಿ ಎಂದು ಈ ಲೇಖನ ಬರೆಯುತ್ತಿದ್ದೇವೆ. ನಾವು ಗುಮಾಸ್ತಗಿರಿ ಮಾಡಿ ನಿವೃತ್ತರಾದವರು, ಪಾನಾ ಹಿಡಿದು ಬದುಕಿದವರಲ್ಲ. ಆದ್ದರಿಂದ ಕಂಪನಿ ಪುಸ್ತಕಗಳಲ್ಲಿ ಓದಿದ್ದನ್ನೂ ಶೆಡ್ಡಿನ ಹಿರಿಯ ಮೆಕ್ಯಾನಿಕ್‌ಗಳು ಹೇಳಿದ್ದನ್ನೂ ಎದುರೆದುರು ಇಟ್ಟು, ಎರಡೂ ಒಪ್ಪುವಷ್ಟನ್ನು ಮಾತ್ರ ಇಲ್ಲಿ ಕೊಟ್ಟಿದ್ದೇವೆ. ಕೆಲಸವನ್ನು ತಾವೇ ಮಾಡದಿದ್ದರೂ, ಮಾಡಿಸುವಾಗ ಪಕ್ಕದಲ್ಲಿ ನಿಂತು ಏನು ನೋಡಬೇಕು, ಏನು ಕೇಳಬೇಕು ಎಂಬುದು ಗೊತ್ತಿರಲಿ.

ಟ್ರಾನ್ಸ್‌ಫರ್ ಕೇಸ್ ಎಂದರೆ ಯಾವುದು?

ಸಾಮಾನ್ಯ ಲಾರಿಯಲ್ಲಿ ಎಂಜಿನ್ ಶಕ್ತಿ ಗೇರ್ ಬಾಕ್ಸಿಗೆ ಬಂದು, ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಹೌಸಿಂಗಿಗೆ ಹೋಗುತ್ತದೆ. ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಮುಂದಿನ ಹೌಸಿಂಗಿಗೂ ಶಕ್ತಿ ಕಳಿಸಬೇಕು. ಆ ಹಂಚಿಕೆ ಮಾಡುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಗೇರ್ ಬಾಕ್ಸಿನ ಹಿಂದೆ ಕೂತಿರುತ್ತದೆ. ಅದರಿಂದ ಒಂದು ಶಾಫ್ಟ್ ಹಿಂದಕ್ಕೆ, ಒಂದು ಮುಂದಕ್ಕೆ ಹೊರಡುತ್ತದೆ. ಡ್ರೈವರ್ ಪಕ್ಕದ ಸಣ್ಣ ಗೇರ್ ಕಡ್ಡಿಗಳು ಇದಕ್ಕೆ ಸೇರಿದವು. 'ಲೋ' ಹಾಕಿದರೆ ಗಾಡಿ ನಿಧಾನವಾಗಿ, ಆದರೆ ಹೆಚ್ಚು ಬಲದಿಂದ ಎಳೆಯುತ್ತದೆ. ನಮ್ಮ ಎರೆ ಹೊಲದ ಕೆಸರಿನಲ್ಲಿ ಸಿಕ್ಕಿಕೊಂಡವರಿಗೆ ಇದರ ಬೆಲೆ ಗೊತ್ತು.

ಇದು ಎಲ್ಲ ಗಾಡಿಗಳಲ್ಲೂ ಇರುವುದಿಲ್ಲ. ವಿಲ್ಲಿಸ್ ಮಾದರಿಯ ಹಳೆಯ ಮಹೀಂದ್ರ ಜೀಪು, ನಾಲ್ಕು ಚಕ್ರ ಎಳೆಯುವ ಥಾರ್, ಬೊಲೆರೊ ಮತ್ತು ಸ್ಕಾರ್ಪಿಯೊ, ಸೈನ್ಯದ ಶಕ್ತಿಮಾನ್, ಅಶೋಕ್ ಲೇಲ್ಯಾಂಡ್ ಸ್ಟ್ಯಾಲಿಯನ್‌ನಂಥ ಲಾರಿಗಳು, ಇವುಗಳಲ್ಲಿ ಇರುತ್ತದೆ. ಬೊಲೆರೊ, ಜೀಪುಗಳಲ್ಲೂ ಎರಡೇ ಚಕ್ರ ಎಳೆಯುವ ಮಾದರಿಗಳು ಬಹಳ ಇವೆ. ಆದ್ದರಿಂದ ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡಿ. ಮುಂದಿನ ಹೌಸಿಂಗಿಗೆ ಒಂದು ಶಾಫ್ಟ್ ಹೋಗಿದ್ದರೆ ಟ್ರಾನ್ಸ್‌ಫರ್ ಕೇಸ್ ಇದೆ ಎಂದರ್ಥ. ಮಾಮೂಲಿ ಹತ್ತಿ ಲಾರಿಯಲ್ಲಿ ಈ ಪೆಟ್ಟಿಗೆ ಇಲ್ಲ. ಲಾರಿ, ಟ್ರ್ಯಾಕ್ಟರ್ ಇರುವವರಿಗೂ ಈ ಲೇಖನದ ಕೊನೆಯಲ್ಲಿ ನಾಲ್ಕು ಮಾತು ಇವೆ.

ಸೀಲು ಮಾಡುವ ಕೆಲಸ

ಶಾಫ್ಟ್ ಪೆಟ್ಟಿಗೆಯಿಂದ ಹೊರಬರುವ ಕಡೆ ಎಣ್ಣೆ ಹೊರಗೆ ಬರದಂತೆ, ಧೂಳು ಒಳಗೆ ಹೋಗದಂತೆ ತಡೆಯುವುದು ಆಯಿಲ್ ಸೀಲು. ಹೊರಗೆ ತಗಡಿನ ಬಳೆ, ಒಳಗೆ ರಬ್ಬರಿನ ತೆಳು ತುಟಿ. ಆ ತುಟಿಯ ಬೆನ್ನಿಗೆ ಕೂದಲಿನಷ್ಟು ಸಣ್ಣ ತಂತಿಯ ಸ್ಪ್ರಿಂಗ್ ಉಂಗುರ. ಈ ಸ್ಪ್ರಿಂಗ್ ತುಟಿಯನ್ನು ಶಾಫ್ಟಿಗೆ ಒತ್ತಿ ಹಿಡಿದಿರುತ್ತದೆ. ಶಾಫ್ಟ್ ತಿರುಗುವಾಗ ತುಟಿಯ ಕೆಳಗೆ ಎಣ್ಣೆಯ ತೀರ ತೆಳುವಾದ ಪದರ ಇದ್ದೇ ಇರುತ್ತದೆ. ಅದೂ ಇಲ್ಲದೆ ಒಣಗಿ ಉಜ್ಜಿದರೆ ರಬ್ಬರು ಸುಟ್ಟು ಗಟ್ಟಿಯಾಗುತ್ತದೆ.

ನಮ್ಮ ಸೀಮೆಯಲ್ಲಿ ಸೀಲು ಬೇಗ ಕೆಡಲು ಕಾರಣಗಳು ಎದುರಿಗೇ ಇವೆ. ಬೇಸಿಗೆಯ ಬಿಸಿಲಿಗೆ ಪೆಟ್ಟಿಗೆಯೊಳಗಿನ ಎಣ್ಣೆ ಇನ್ನಷ್ಟು ಕಾಯುತ್ತದೆ, ರಬ್ಬರಿನ ಮೆದು ಹೋಗುತ್ತದೆ. ಎರೆ ಮಣ್ಣಿನ ಕೆಸರು ಶಾಫ್ಟಿಗೆ ಮೆತ್ತಿ, ಒಣಗಿ, ಉಪ್ಪು ಕಾಗದದಂತೆ ತುಟಿಯನ್ನು ತಿಕ್ಕುತ್ತದೆ. ಹೊಲದಲ್ಲಿ ಬಿದ್ದ ನೈಲಾನ್ ದಾರ, ಚೀಲದ ಎಳೆ ಶಾಫ್ಟಿಗೆ ಸುತ್ತಿಕೊಂಡು ಸೀಲಿನ ಒಳಕ್ಕೆ ನುಗ್ಗುತ್ತದೆ. ಇನ್ನು ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ತುಟಿ ಒಣಗಿ ಶಾಫ್ಟಿಗೆ ಅಂಟಿಕೊಳ್ಳುತ್ತದೆ, ಮೊದಲ ಓಟದಲ್ಲೇ ಹರಿಯುತ್ತದೆ. ನಿಲ್ಲಿಸಿದ ಗಾಡಿಯನ್ನು ತಿಂಗಳಿಗೆ ಒಂದೆರಡು ಸಲ ಊರು ಸುತ್ತಿಸಿ ತರುವುದು ಆದ್ದರಿಂದಲೇ ಒಳ್ಳೆಯದು.

ಒಸರು, ಜಿನುಗು, ತೊಟ್ಟಿಕ್ಕು

ನಮ್ಮ ಭಾಷೆಯಲ್ಲಿ ಸೋರುವುದಕ್ಕೆ ಬೇರೆ ಬೇರೆ ಮಾತುಗಳಿವೆ, ಈ ವಿಷಯದಲ್ಲಿ ಅವು ಉಪಯೋಗಕ್ಕೂ ಬರುತ್ತವೆ. ಸೀಲಿನ ಸುತ್ತ ಧೂಳು ತೇವವಾಗಿ ಕಪ್ಪಗೆ ಮೆತ್ತಿದ್ದರೆ ಅದು ಒಸರು. ಒರೆಸಿ, ಬರೆದಿಟ್ಟುಕೊಂಡು ಗಮನಿಸುತ್ತಿದ್ದರೆ ಸಾಕು. ಒರೆಸಿದ ಮಾರನೆಯ ದಿನವೇ ಹನಿ ಕಟ್ಟಿ ನಿಂತಿದ್ದರೆ ಅದು ಜಿನುಗು. ತಿಂಗಳೊಳಗೆ ಕೆಲಸ ಮಾಡಿಸಿ. ನೆಲಕ್ಕೆ ಬೀಳುತ್ತಿದ್ದರೆ ಅದು ತೊಟ್ಟಿಕ್ಕುವುದು. ಕೂಡಲೇ ಮಾಡಿಸಿ, ಮಾಡಿಸುವ ತನಕ ದಿನವೂ ಎಣ್ಣೆಯ ಮಟ್ಟ ನೋಡಿ.

"ಹನಿ ತಾನೆ, ಏನಾದೀತು" ಎನ್ನುವವರಿಗೆ ಒಂದು ಲೆಕ್ಕ. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಎಂದು ಇಟ್ಟುಕೊಳ್ಳಿ. ಓಡುವಾಗ ಐದು ಸೆಕೆಂಡಿಗೆ ಒಂದು ಹನಿ ಬಿದ್ದರೆ ಗಂಟೆಗೆ 720 ಹನಿ, ಅಂದರೆ 36 ಮಿಲಿಲೀಟರ್. ದಿನಕ್ಕೆ ನಾಲ್ಕು ಗಂಟೆ ಓಡಿದರೆ 144. ಹತ್ತು ದಿನಕ್ಕೆ 1,440 ಮಿಲಿಲೀಟರ್. ಹಳೆಯ ಜೀಪಿನ ಟ್ರಾನ್ಸ್‌ಫರ್ ಕೇಸಿನಲ್ಲಿ ಹಿಡಿಯುವುದೇ ಒಂದೂವರೆ ಲೀಟರಿನ ಆಸುಪಾಸು. ಹತ್ತಿಯ ಒಂದು ಸುತ್ತು ಮಾರ್ಕೆಟ್ಟಿಗೆ ಸಾಗಿಸುವುದರೊಳಗೆ ಪೆಟ್ಟಿಗೆ ಬರಿದಾಗುತ್ತದೆ. ಆಮೇಲೆ ಹೋಗುವುದು ಸೀಲು ಅಲ್ಲ, ಬೇರಿಂಗು ಮತ್ತು ಗೇರು. ಸೀಲಿನ ಬೆಲೆಗೂ ಅವುಗಳ ಬೆಲೆಗೂ ಹೋಲಿಕೆಯೇ ಇಲ್ಲ.

ಹ್ಯಾಂಡ್‌ಬ್ರೇಕ್ ಎಲ್ಲಿದೆ ಎಂದು ತಿಳಿದಿರಲಿ

ಈ ಲೇಖನದಲ್ಲಿ ಒಂದೇ ಭಾಗ ಓದುವವರು ಇದನ್ನು ಓದಬೇಕೆಂದು ನಮ್ಮ ಕೋರಿಕೆ.

ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿ ಇಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿ, ಹಿಂದಿನ ಶಾಫ್ಟ್ ಹೊರಡುವ ಕಡೆ ಒಂದು ಸಣ್ಣ ಡ್ರಮ್ ಇದೆ, ಅದರೊಳಗೆ ಬ್ರೇಕ್ ಶೂ ಇವೆ. ಹಿಂದಿನ ಸೀಲು ಇರುವುದು ಅದೇ ಡ್ರಮ್ಮಿನ ಹಿಂದೆ. ಅದು ಸೋರಿದರೆ ಎಣ್ಣೆ ಮೊದಲು ಸೇರುವುದು ಬ್ರೇಕ್ ಶೂಗೆ. ಕಾಲಿನ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿರುತ್ತದೆ, ಆದ್ದರಿಂದ ಡ್ರೈವರಿಗೆ ಅನುಮಾನ ಬರುವುದಿಲ್ಲ. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಇಳಿದ ಮೇಲೆ ಗಾಡಿ ಜಾರತೊಡಗುತ್ತದೆ. ಮೆರವಣಿಗೆಯಲ್ಲಿ ಗಾಡಿ ನಿಂತು ನಿಂತು ಸಾಗುತ್ತದೆ, ಹಿಂದೆ ಮುಂದೆ ಮಕ್ಕಳು ಇರುತ್ತಾರೆ. ಅಲ್ಲಿ ಇದಕ್ಕಿಂತ ದೊಡ್ಡ ಅಪಾಯ ಬೇರೆ ಇಲ್ಲ.

ಇಂಥ ಬ್ರೇಕ್ ಇರುವ ಗಾಡಿಯಲ್ಲಿ ಇನ್ನೆರಡು ಸಂಗತಿ ನೆನಪಿರಲಿ. ಒಂದು, ಹಿಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿದರೆ ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ. ಶಾಫ್ಟ್ ನಿಂತಿದ್ದರೂ ಡಿಫರೆನ್ಷಿಯಲ್ ಮೂಲಕ ಎತ್ತಿದ ಚಕ್ರ ಒಂದು ಕಡೆಗೆ, ನೆಲದ ಚಕ್ರ ಇನ್ನೊಂದು ಕಡೆಗೆ ತಿರುಗಬಲ್ಲವು. ಎರಡು, ರಿಪೇರಿಗೆ ಹಿಂದಿನ ಶಾಫ್ಟ್ ಬಿಚ್ಚಿದ ಕ್ಷಣದಿಂದ ಹ್ಯಾಂಡ್‌ಬ್ರೇಕಿಗೂ ಹಿಂದಿನ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಗೇರಿಗೆ ಹಾಕಿ ನಿಲ್ಲಿಸಿದ್ದರೂ ಅಷ್ಟೇ. ಅಡ್ಡ ಕೊಡದೆ ಶಾಫ್ಟ್ ಬಿಚ್ಚಿದರೆ ಗಾಡಿ ಕೆಳಗಿರುವವರ ಮೇಲೆಯೇ ಉರುಳಬಹುದು.

ಬಿಚ್ಚುವ ಮುನ್ನ: ಸೋರುತ್ತಿರುವುದು ಎಲ್ಲಿಂದ?

ಹೊಸ ಸೀಲು ಎರಡೇ ತಿಂಗಳಿಗೆ ಸೋರಿದರೆ ಸೀಲನ್ನು ಬೈಯುವುದು ರೂಢಿ. ಆದರೆ ಹೆಚ್ಚಾಗಿ ಕಾರಣ ಬೇರೆ ಕಡೆ ಉಳಿದಿರುತ್ತದೆ. ಪಾನಾ ಹಿಡಿಯುವ ಮುನ್ನ ಈ ನಾಲ್ಕನ್ನು ನೋಡಿ.

1. ಜಾಗ. ಓಡುವಾಗ ಗಾಳಿಗೆ ಎಣ್ಣೆ ಹಿಂದಕ್ಕೆ ಹರಡುತ್ತದೆ. ಎಂಜಿನ್ ಆಯಿಲ್ ಸಹ ಬಂದು ಟ್ರಾನ್ಸ್‌ಫರ್ ಕೇಸಿನಿಂದ ತೊಟ್ಟಿಕ್ಕಬಹುದು. ಡೀಸೆಲ್ ಮತ್ತು ಬ್ರಷ್ಷಿನಿಂದ ಪೂರ್ತಿ ತೊಳೆದು ಒರೆಸಿ, ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಐದಾರು ಕಿಲೋಮೀಟರ್ ಓಡಿಸಿ ಬನ್ನಿ. ಪೌಡರ್ ಮೇಲೆ ಎಣ್ಣೆಯ ಗೆರೆ ಎಲ್ಲಿ ಎಲ್ಲಕ್ಕಿಂತ ಮೇಲೆ ಶುರುವಾಗಿದೆಯೋ ಅದೇ ಸೋರುವ ಜಾಗ. ಗೇರ್ ಆಯಿಲ್ ದಪ್ಪ, ಗಂಧಕದ ಕಟು ವಾಸನೆ ಇರುತ್ತದೆ. ಎಂಜಿನ್ ಆಯಿಲ್ ಕಪ್ಪು, ತೆಳು.

2. ಬ್ರೀದರ್. ಪೆಟ್ಟಿಗೆಯ ಮೇಲೆ ಗಾಳಿ ಆಡಲು ಒಂದು ಸಣ್ಣ ತೂತಿನ ಮುಚ್ಚಳ ಇರುತ್ತದೆ. ಒಳಗಿನ ಗಾಳಿ ಕಾದು ಹಿಗ್ಗಿದಾಗ ಅಲ್ಲಿಂದ ಹೊರಹೋಗಬೇಕು. ಎರೆ ಮಣ್ಣು ಮೆತ್ತಿ ಅದು ಮುಚ್ಚಿಹೋದರೆ ಒತ್ತಡ ಹೆಚ್ಚಿ, ಎಣ್ಣೆ ಸೀಲಿನ ತುಟಿಯನ್ನೇ ತಳ್ಳಿಕೊಂಡು ಹೊರಬರುತ್ತದೆ. ಬ್ರೀದರ್ ಮುಚ್ಚಿದ್ದರೆ ಎಂಥ ಹೊಸ ಸೀಲೂ ನಿಲ್ಲುವುದಿಲ್ಲ. ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು, ಗಾಳಿ ಊದಿ ಹಾಕಿ. ಎಷ್ಟೋ ಸಲ ಇಷ್ಟಕ್ಕೇ ಸೋರುವುದು ನಿಲ್ಲುತ್ತದೆ.

3. ಮಟ್ಟ. ಸಮ ನೆಲದಲ್ಲಿ ನಿಲ್ಲಿಸಿ ಪಕ್ಕದ ತುಂಬುವ ಬೋಲ್ಟ್ ಬಿಚ್ಚಿ. ಸಾಮಾನ್ಯವಾಗಿ ಎಣ್ಣೆ ತೂತಿನ ಕೆಳ ಅಂಚಿಗೆ ಇರಬೇಕು. ಬಿಚ್ಚಿದ ಕೂಡಲೇ ಸುರಿದರೆ ಹೆಚ್ಚಾಗಿದೆ. ಹೆಚ್ಚಾದ ಎಣ್ಣೆ ನೊರೆ ಕಟ್ಟಿ, ಕಾದು, ದಾರಿ ಹುಡುಕುತ್ತದೆ.

4. ಗೇರ್ ಬಾಕ್ಸಿನ ಮಟ್ಟ. ಗೇರ್ ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವೆಯೂ ತಡೆ ಇರುತ್ತದೆ. ಅದು ಹೋದರೆ ಒಂದರ ಎಣ್ಣೆ ಇನ್ನೊಂದಕ್ಕೆ ಹರಿಯುತ್ತದೆ. ಗೇರ್ ಬಾಕ್ಸ್ ಕಡಿಮೆ, ಟ್ರಾನ್ಸ್‌ಫರ್ ಕೇಸ್ ಹೆಚ್ಚು ಎಂದು ಕಂಡರೆ ರೋಗ ನಡುವಿನಲ್ಲಿದೆ. ಹಿಂದಿನ ಸೀಲು ಎಷ್ಟು ಸಲ ಬದಲಿಸಿದರೂ ಪ್ರಯೋಜನವಿಲ್ಲ. ಇದು ಪೆಟ್ಟಿಗೆ ಇಳಿಸಿ ಮಾಡಬೇಕಾದ ಕೆಲಸ, ಒಳ್ಳೆಯ ಶೆಡ್ಡಿಗೇ ಕೊಡಿ.

ಸೀಲು ಕೊಳ್ಳುವಾಗ

ಸೀಲಿನ ಮುಖದ ಮೇಲೆ ಮೂರು ಅಂಕಿ ಇರುತ್ತವೆ. ಮೊದಲನೆಯದು ಒಳ ಅಳತೆ, ಎರಡನೆಯದು ಹೊರ ಅಳತೆ, ಮೂರನೆಯದು ದಪ್ಪ. ಉದಾಹರಣೆಗೆ 45-65-10 ಎಂದಿದ್ದರೆ 45 ಮಿಲಿಮೀಟರ್ ಶಾಫ್ಟಿಗೆ, 65ರ ಗೂಡಿಗೆ, 10 ದಪ್ಪದ್ದು. ಹಳೆಯ ಜೀಪುಗಳ ಅಳತೆ ಇಂಚಿನಲ್ಲಿಯೂ ಇರಬಹುದು. "ಜೀಪಿನ ಸೀಲು ಕೊಡಿ" ಎಂದು ಕೇಳಿದರೆ ಹತ್ತಿರದ ಅಳತೆಯದು ಕೈಗೆ ಬರುತ್ತದೆ. ಹತ್ತಿರದ ಅಳತೆ ಸೀಲಿಗೆ ನಡೆಯುವುದಿಲ್ಲ. ಹಳೆಯ ಸೀಲನ್ನೇ ಕೈಯಲ್ಲಿ ಹಿಡಿದು ಹೋಗಿ, ಪಕ್ಕದಲ್ಲಿಟ್ಟು ಹೋಲಿಸಿ. ಸ್ಪ್ರಿಂಗ್ ತನ್ನ ಜಾಗದಲ್ಲಿದೆಯೇ, ತುಟಿ ಬೆರಳಿಗೆ ಮೆದುವಾಗಿದೆಯೇ, ಎಲ್ಲೂ ಸೀಳಿಲ್ಲವೇ ನೋಡಿ. ಕೆಲವು ಸೀಲುಗಳ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತು ಇರುತ್ತದೆ. ಅದೂ ಹೊಂದಬೇಕು.

1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ್ದು ತಮಗೆಲ್ಲ ತಿಳಿದದ್ದೇ. ಗಡಿ ಬಂದರೂ ನಮ್ಮ ಓಡಾಟ ನಿಂತಿಲ್ಲ. ಆದವಾನಿ, ಎಮ್ಮಿಗನೂರಿನ ಅಂಗಡಿಯಲ್ಲಿ ಸರಿಯಾದ ಅಳತೆ ಸಿಗದಿದ್ದರೆ ಸಿರುಗುಪ್ಪ, ಬಳ್ಳಾರಿ, ರಾಯಚೂರಿನ ಸದಸ್ಯರಿಗೆ ಅಂಕಿ ತಿಳಿಸಿ ವಿಚಾರಿಸಿ. ಒಂದು ದಿನ ಕಾಯುವುದು ಮೇಲು, ಹೊಂದದ ಸೀಲು ಹಾಕಿಸುವುದು ಬೇಡ. ಈ ಕಡೆಯ ಶೆಡ್ಡಿನಲ್ಲಿ ತೆಲುಗಿನವರು "ಕಾರುತೋಂದಿ" ಎಂದರೆ ಸೋರುತ್ತಿದೆ ಎಂದೇ ಅರ್ಥ. ಸೀಲು, ಬೇರಿಂಗು, ಫ್ಲ್ಯಾಂಜು ಎಂಬ ಮಾತುಗಳಿಗೆ ಗಡಿ ಇಲ್ಲ.

ಕೆಲಸದ ಕ್ರಮ (ಹಿಂದಿನ ಸೀಲು)

1. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಅಥವಾ ಮರದ ದಿಮ್ಮಿ ಕೊಡಿ. ಎತ್ತಲೇಬೇಕಾದರೆ ಚಾಸಿಸ್ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಇಡಿ. ಬರೀ ಜಾಕಿ, ಒಟ್ಟಿದ ಇಟ್ಟಿಗೆ ನಂಬಿ ಕೆಳಗೆ ಹೋಗಬೇಡಿ. ಕಾದ ಎಣ್ಣೆ ಕೈ ಸುಡುತ್ತದೆ, ಆರಲು ಬಿಡಿ.

2. ಮೊದಲು ತುಂಬುವ ಬೋಲ್ಟ್ ಬಿಚ್ಚಿ, ಆಮೇಲೆ ಕೆಳಗಿನದು. ಕೆಳಗಿನದನ್ನು ಬಿಚ್ಚಿ ಎಣ್ಣೆ ಖಾಲಿಯಾದ ಮೇಲೆ ಮೇಲಿನದು ತುಕ್ಕು ಹಿಡಿದು ಬರದಿದ್ದರೆ ಗಾಡಿ ಅಲ್ಲೇ ಕೂರುತ್ತದೆ.

3. ಇಳಿಸಿದ ಎಣ್ಣೆ ನೋಡಿ. ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಕಾದ ಪೆಟ್ಟಿಗೆ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ನೀರನ್ನು ಎಳೆದುಕೊಳ್ಳುತ್ತದೆ. ಬೋಲ್ಟಿನ ತುದಿಯಲ್ಲಿ ಸಣ್ಣ ಬೂದಿಯಂಥ ಪುಡಿ ಇದ್ದರೆ ಸಹಜ. ಉಗುರಿಗೆ ಸಿಗುವ ಚೂರುಗಳಿದ್ದರೆ ಒಳಗೆ ಗೇರೋ ಬೇರಿಂಗೋ ಒಡೆದಿದೆ, ಸೀಲಿನ ಮಾತು ಆಮೇಲೆ.

4. ಶಾಫ್ಟಿಗೂ ಫ್ಲ್ಯಾಂಜಿಗೂ ಸೇರಿಸಿ ಪೇಂಟಿನಿಂದ ಒಂದು ಗೆರೆ ಎಳೆಯಿರಿ. ಹಾಗೆಯೇ ತಿರುಗಿ ಜೋಡಿಸಬೇಕು, ಇಲ್ಲದಿದ್ದರೆ ಓಡುವಾಗ ನಡುಕ ಬರಬಹುದು. ಬೋಲ್ಟ್ ಬಿಚ್ಚಿ ಶಾಫ್ಟನ್ನು ತಂತಿಯಿಂದ ಚಾಸಿಸ್ಸಿಗೆ ಕಟ್ಟಿ. ಕ್ರಾಸಿನ ಬಟ್ಟಲುಗಳು ಬಿದ್ದು ಒಳಗಿನ ಸೂಜಿಗಳು ಚೆಲ್ಲದಂತೆ ಟೇಪ್ ಸುತ್ತಿ.

5. ಡ್ರಮ್ ಇದ್ದರೆ ತೆಗೆಯಿರಿ. ಸ್ಪ್ಲಿಟ್ ಪಿನ್ ತೆಗೆದು ನಡುವಿನ ನಟ್ ಬಿಚ್ಚಿ. ಫ್ಲ್ಯಾಂಜನ್ನು ಪುಲ್ಲರ್ ಹಾಕಿ ಎಳೆಯಿರಿ. ಸುತ್ತಿಗೆಯಿಂದ ಹೊಡೆದರೆ ಫ್ಲ್ಯಾಂಜ್ ಸೊಟ್ಟಗಾಗುತ್ತದೆ, ಪೆಟ್ಟು ಬೇರಿಂಗಿಗೂ ತಾಗುತ್ತದೆ.

6. ಈಗ ಶಾಫ್ಟನ್ನು ಕೈಯಿಂದ ಮೇಲೆ ಕೆಳಗೆ ಅಲ್ಲಾಡಿಸಿ. ಲಟಲಟ ಎಂದರೆ ಬೇರಿಂಗ್ ಸವೆದಿದೆ. ಅಲ್ಲಾಡುವ ಶಾಫ್ಟನ್ನು ಯಾವ ಸೀಲೂ ಹಿಡಿಯಲಾರದು. ಬೇರಿಂಗ್ ಮುಚ್ಚಳ ಬಿಚ್ಚಿದರೆ ಅದರ ಕೆಳಗಿನ ತೆಳು ತಗಡಿನ ಶಿಮ್‌ಗಳನ್ನು ಎಣಿಸಿ, ಅಷ್ಟನ್ನೂ ತಿರುಗಿ ಹಾಕಬೇಕು. ಬೇರಿಂಗಿನ ಬಿಗಿ ಅವುಗಳ ಮೇಲೆ ನಿಂತಿದೆ.

7. ಫ್ಲ್ಯಾಂಜಿನ ನುಣುಪು ಭಾಗದ ಮೇಲೆ ಉಗುರು ಎಳೆಯಿರಿ. ಸೀಲು ಉಜ್ಜಿದ ಕಡೆ ಉಗುರು ತಡೆದರೆ ಗೆರೆ ಬಿದ್ದಿದೆ. ಪದೇ ಪದೇ ಸೀಲು ಹೋಗುವುದಕ್ಕೆ ಇದು ದೊಡ್ಡ ಕಾರಣ. ಮೆದು ರಬ್ಬರು ಗಟ್ಟಿ ಉಕ್ಕನ್ನು ಹೇಗೆ ಸವೆಸುತ್ತದೆ ಎಂದು ಆಶ್ಚರ್ಯವಾಗಬಹುದು. ರಬ್ಬರಿನಲ್ಲಿ ಸಿಕ್ಕಿಕೊಂಡ ಧೂಳು ಆ ಕೆಲಸ ಮಾಡುತ್ತದೆ. ಸಣ್ಣ ಕಲೆ, ತುಕ್ಕು ಆದರೆ ನುಣುಪು ಎಮರಿ ಕಾಗದದಿಂದ ಸುತ್ತಲೂ ಸಮನಾಗಿ ಉಜ್ಜಿದರೆ ಸಾಕು. ಗೆರೆ ಆಳವಾಗಿದ್ದರೆ ಫ್ಲ್ಯಾಂಜ್ ಬದಲಿಸಿ, ಇಲ್ಲವೇ ಅದರ ಮೇಲೆ ತೆಳು ಉಕ್ಕಿನ ಸ್ಲೀವ್ ಕೂರಿಸಿ. ಗೂಡಿನಲ್ಲಿ ಜಾಗ ಇದ್ದರೆ ಹೊಸ ಸೀಲನ್ನು ಎರಡು ಮಿಲಿಮೀಟರ್ ಹಿಂದೆಯೋ ಮುಂದೆಯೋ ಕೂರಿಸಿ ಗೆರೆ ತಪ್ಪಿಸುವುದೂ ಉಂಟು. ಆದರೆ ಎಣ್ಣೆ ಹರಿಯುವ ತೂತು ಮುಚ್ಚಬಾರದು.

8. ಹಳೆಯ ಸೀಲನ್ನು ಮೀಟಿ ತೆಗೆಯುವಾಗ ಗೂಡಿನ ಒಳಗೋಡೆಗೆ ಗೀರು ಬೀಳದಿರಲಿ. ಗೀರು ಬಿದ್ದರೆ ಮುಂದೆ ಎಣ್ಣೆ ಅಲ್ಲಿಂದಲೇ ಹೊರಬರುತ್ತದೆ.

9. ಹೊಸ ಸೀಲಿನ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ, ಅಂದರೆ ಒಳಕ್ಕೆ. ಸ್ಪ್ರಿಂಗ್ ಬಿಟ್ಟು ಹೋಗದಂತೆ ಅದರ ಸಂದಿಗೆ ಸ್ವಲ್ಪ ಗ್ರೀಸ್ ತುಂಬಿ. ತುಟಿಗೆ ಎಣ್ಣೆ ಸವರಿ. ಸೀಲಿನ ಹೊರ ಅಳತೆಗೆ ಸರಿಹೊಂದುವ ಪೈಪಿನ ತುಂಡು ಅಥವಾ ಹಳೆಯ ಬೇರಿಂಗ್ ಬಳೆ ಇಟ್ಟು, ಸುತ್ತಲೂ ಸಮನಾಗಿ ಮೆಲ್ಲಗೆ ತಟ್ಟಿ ಕೂರಿಸಿ. ಒಂದೇ ಕಡೆ ಹೊಡೆದರೆ ಓರೆಯಾಗಿ ಕೂರುತ್ತದೆ, ಓರೆಯಾದದ್ದು ಸೋರಿಯೇ ಸೋರುತ್ತದೆ.

10. ಫ್ಲ್ಯಾಂಜ್ ತೂರಿಸುವಾಗ ಅದರ ಅಂಚಿನಿಂದ ತುಟಿ ಹರಿಯದಂತೆ ಅಂಚನ್ನು ಎಮರಿಯಿಂದ ನಯ ಮಾಡಿ, ಎಣ್ಣೆ ಸವರಿ. ಒಳಗಿನ ಹಲ್ಲುಗಳ ತುದಿಗೂ ವಾಷರ್ ಕೆಳಗೂ ತೆಳುವಾಗಿ ಸೀಲಂಟ್ ಹಚ್ಚಿ. ಎಣ್ಣೆ ಹಲ್ಲುಗಳ ಸಂದಿನಿಂದ ಹರಿದು ನಟ್ಟಿನ ಹತ್ತಿರ ಹೊರಬರುವುದು ಉಂಟು. ನೋಡಲು ಸೀಲು ಸೋರಿದಂತೆಯೇ ಕಾಣುತ್ತದೆ. ಹೊಸ ಸೀಲು ಹಾಕಿದರೂ ನಿಲ್ಲದ ಗಾಡಿಗಳಲ್ಲಿ ಇದನ್ನು ಮರೆಯದೆ ನೋಡಬೇಕು.

11. ನಟ್ಟನ್ನು ಕಂಪನಿ ಪುಸ್ತಕ ಹೇಳಿದಷ್ಟು ಬಿಗಿ ಮಾಡಿ. ಸ್ಪ್ಲಿಟ್ ಪಿನ್ನಿನ ತೂತು ಹೊಂದದಿದ್ದರೆ ಇನ್ನಷ್ಟು ಬಿಗಿ ಮಾಡಿ ಹೊಂದಿಸಿ, ಸಡಿಲ ಮಾಡಿ ಹೊಂದಿಸಬೇಡಿ. ಪಿನ್ ಯಾವಾಗಲೂ ಹೊಸದೇ ಇರಲಿ.

12. ಎಣ್ಣೆ ಕುಡಿದ ಬ್ರೇಕ್ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿ ತೋರಿಸಿ ಮತ್ತೆ ಹಾಕುವ ರೂಢಿ ಬಿಡಿ. ಮೇಲೆ ಒಣಗಿದಂತೆ ಕಂಡರೂ ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಹೊರಬರುತ್ತದೆ. ಹೊಸ ಲೈನಿಂಗ್ ಹಾಕಿಸಿ, ಡ್ರಮ್ಮನ್ನು ಚೆನ್ನಾಗಿ ತೊಳೆದು ಒಣಗಿಸಿ.

13. ಎಣ್ಣೆ ಯಾವುದು ಎಂಬುದನ್ನು ಪುಸ್ತಕ ನೋಡಿ ತೀರ್ಮಾನಿಸಿ. ಹಳೆಯ ಜೀಪುಗಳಿಗೆ ಗೇರ್ ಆಯಿಲ್, ಕೆಲವು ಹೊಸ ಗಾಡಿಗಳ ಟ್ರಾನ್ಸ್‌ಫರ್ ಕೇಸಿಗೆ ತೆಳುವಾದ ಎಟಿಎಫ್. "ದಪ್ಪ ಎಣ್ಣೆ ಹಾಕಿದರೆ ಸೋರುವುದಿಲ್ಲ" ಎಂಬ ಸಲಹೆ ಕೇಳಬೇಡಿ. ಸೋರುವುದು ನಾಲ್ಕು ದಿನ ಮರೆಯಾಗಬಹುದು, ಆದರೆ ಬೇರಿಂಗಿಗೆ ಎಣ್ಣೆ ತಲುಪುವುದಿಲ್ಲ. ಮಟ್ಟಕ್ಕೆ ತುಂಬಿ, ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಒರೆಸಿ ನೋಡಿ. ವಾರದ ನಂತರ ಶಾಫ್ಟ್ ಬೋಲ್ಟುಗಳ ಬಿಗಿಯನ್ನೂ ಎಣ್ಣೆಯ ಮಟ್ಟವನ್ನೂ ಇನ್ನೊಮ್ಮೆ ನೋಡಿ.

ಇಳಿಸಿದ ಹಳೆಯ ಎಣ್ಣೆಯನ್ನು ಹೊಲದ ಬದುವಿಗೋ ತುಂಗಭದ್ರಾ ಕೆಳಮಟ್ಟದ ಕಾಲುವೆಗೋ ಸುರಿಯಬೇಡಿ. ಆ ಕಾಲುವೆಯ ನೀರು ಹೊಲಕ್ಕೂ ಹೋಗುತ್ತದೆ, ಕುಡಿಯಲಿಕ್ಕೂ ಹೋಗುತ್ತದೆ. ಡಬ್ಬಿಯಲ್ಲಿ ತುಂಬಿಟ್ಟು ಹಳೆಯ ಎಣ್ಣೆ ಕೊಳ್ಳುವವರಿಗೆ ಕೊಡಿ.

ಲಾರಿ, ಟ್ರ್ಯಾಕ್ಟರ್ ಇರುವವರಿಗೆ

ಮಾಮೂಲಿ ಲಾರಿಯಲ್ಲಿ ಇದೇ ಬಗೆಯ ಸೀಲು ಎರಡು ಕಡೆ ಇದೆ: ಗೇರ್ ಬಾಕ್ಸಿನ ಹಿಂದೆ ಮತ್ತು ಹೌಸಿಂಗಿಗೆ ಶಾಫ್ಟ್ ಸೇರುವ ಕಡೆ. ಬ್ರೀದರ್, ಗೆರೆ, ಬೇರಿಂಗ್ ಆಟ ಎಲ್ಲವನ್ನೂ ಹೀಗೆಯೇ ನೋಡಬೇಕು. ಹೌಸಿಂಗಿನ ಸೀಲಿಗೆ ಮಾತ್ರ ಒಂದು ಎಚ್ಚರಿಕೆ. ಕೆಲವು ಗಾಡಿಗಳಲ್ಲಿ ಅಲ್ಲಿನ ನಟ್ಟಿನ ಬಿಗಿಯೇ ಪಿನಿಯನ್ ಬೇರಿಂಗಿನ ಬಿಗಿಯನ್ನೂ ನಿರ್ಧರಿಸುತ್ತದೆ. ಕೈಗೆ ಸಿಕ್ಕಷ್ಟು ಬಿಗಿ ಮಾಡಿದರೆ ಬೇರಿಂಗ್ ಹೋಗುತ್ತದೆ. ಬಿಚ್ಚುವ ಮುನ್ನವೇ ನಟ್ಟಿನ ಜಾಗ ಗುರುತು ಮಾಡಿ, ಸುತ್ತು ಎಣಿಸಿಕೊಂಡು, ಪುಸ್ತಕದ ಪ್ರಕಾರ ಬಿಗಿ ಮಾಡುವ ಮೆಕ್ಯಾನಿಕ್‌ಗೇ ಕೊಡಿ. ನಾಲ್ಕು ಚಕ್ರ ಎಳೆಯುವ ಟ್ರ್ಯಾಕ್ಟರಿನಲ್ಲಿ ಮುಂದಿನ ಆಕ್ಸಲ್ಲಿಗೆ ಹೋಗುವ ಶಾಫ್ಟಿನ ಎರಡೂ ತುದಿಯ ಸೀಲುಗಳ ಬಳಿ ದಾರ, ಹತ್ತಿ ಕಟ್ಟಿಗೆಯ ನಾರು ಸುತ್ತಿದೆಯೇ ಎಂದು ವಾರಕ್ಕೊಮ್ಮೆ ನೋಡಿ. ನೋಡುವಾಗ ಎಂಜಿನ್ ಆಫ್ ಇರಲಿ.

ಒಂದು ಪುಟದ ಲೆಕ್ಕ

ಕಚೇರಿಯಲ್ಲಿ ಕೆಲಸ ಮಾಡಿದವರ ಬುದ್ಧಿ ಎಂದು ನಕ್ಕರೂ ಸರಿ, ಪ್ರತಿ ಗಾಡಿಗೆ ಒಂದು ನೋಟ್ ಪುಸ್ತಕ ಇಡಿ. ದಿನಾಂಕ, ಮೀಟರಿನ ಕಿಲೋಮೀಟರ್, ಹಾಕಿದ ಎಣ್ಣೆಯ ಹೆಸರು ಮತ್ತು ಪ್ರಮಾಣ, ಸೀಲಿನ ಮೂರು ಅಂಕಿ, ಫ್ಲ್ಯಾಂಜಿನಲ್ಲಿ ಗೆರೆ ಇತ್ತೋ ಇಲ್ಲವೋ, ಬ್ರೀದರ್ ತೊಳೆದದ್ದು, ಇಷ್ಟು ಸಾಕು. ಎರಡು ಸಲ ತುಂಬಿದ ಎಣ್ಣೆಯ ಲೆಕ್ಕ ಹೋಲಿಸಿದರೆ ಸೋರುವುದು ಹೆಚ್ಚುತ್ತಿದೆಯೋ ಇಲ್ಲವೋ ಯಾರನ್ನೂ ಕೇಳದೆ ಗೊತ್ತಾಗುತ್ತದೆ. ಗಾಡಿಯನ್ನು ಮಗ ಓಡಿಸಲಿ, ಡ್ರೈವರ್ ಓಡಿಸಲಿ, ಪುಸ್ತಕ ಗಾಡಿಯಲ್ಲೇ ಇರಲಿ.

ಸದಸ್ಯರಲ್ಲಿ ಸಂಘದ ವಿನಂತಿ ಇಷ್ಟು. ಮೆರವಣಿಗೆಗೆ ಗಾಡಿ ಕೊಡುವವರು ಹದಿನೈದು ದಿನ ಮುಂಚೆಯೇ ಕೆಳಗೆ ಬಗ್ಗಿ ಒಂದು ಸಲ ನೋಡಿ. ಸ್ವಲ್ಪ ಇಳಿಜಾರಿನಲ್ಲಿ, ಯಾರೂ ಹತ್ತಿರ ಇಲ್ಲದಾಗ, ಸೀಟಿನಲ್ಲೇ ಕೂತು ಹ್ಯಾಂಡ್‌ಬ್ರೇಕ್ ಎಳೆದು ಕಾಲಿನ ಬ್ರೇಕ್ ಮೆಲ್ಲಗೆ ಬಿಡಿ. ಗಾಡಿ ಅಲುಗಿದರೆ ಆ ಗಾಡಿ ಈ ಸಲ ಮೆರವಣಿಗೆಗೆ ಬೇಡ, ಮೊದಲು ರಿಪೇರಿಯಾಗಲಿ. ಬೇರೆ ಗಾಡಿ ಹೊಂದಿಸುವ ಜವಾಬ್ದಾರಿ ಸಂಘದ್ದು. ಗಾಡಿ ಕೊಡಲಾಗಲಿಲ್ಲ ಎಂದು ಯಾರೂ ಸಂಕೋಚ ಪಡಬೇಕಾಗಿಲ್ಲ. ಮೆರವಣಿಗೆಯ ದಿನ ಪ್ರತಿ ಗಾಡಿಯಲ್ಲೂ ಎರಡು ಮರದ ದಿಮ್ಮಿ ಇರಲಿ, ಗಾಡಿ ನಿಂತಾಗಲೆಲ್ಲ ಚಕ್ರಕ್ಕೆ ಕೊಡಲು ಒಬ್ಬ ಯುವಕನನ್ನು ನೇಮಿಸಿಕೊಳ್ಳಿ.

ತಮ್ಮ ಗಾಡಿಗೆ ಹೊಂದಿದ ಸೀಲಿನ ಅಳತೆಯನ್ನು ಗಾಡಿಯ ಮಾದರಿಯೊಂದಿಗೆ ಬರೆದು ಕಳಿಸಿದರೆ ಎಲ್ಲರಿಗೂ ಉಪಯೋಗವಾಗುವಂತೆ ಒಂದು ಪಟ್ಟಿ ಮಾಡಿ ಇದೇ ಪುಟದಲ್ಲಿ ಹಾಕುತ್ತೇವೆ. ಈ ಕೆಲಸದಲ್ಲಿ ಪಳಗಿದವರು ಇಲ್ಲಿ ಬಿಟ್ಟುಹೋದದ್ದನ್ನು ತಿಳಿಸಿದರೆ ಅದನ್ನೂ ಸೇರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ